ಸೀಡರ್ ಸಾಲಿನ ಹಿಂದೆ ನಿಂತ ಗಾಡಿ

ಗಾಡಿ ಮಾರುವ ಅಂಗಡಿಯ ಮುಂದೆ ಆರ್ಲಿನ್ ವೋಬೋರಿಲ್ ಆ ಪಿಕಪ್ಪಿನ ಸುತ್ತ ಮೂರು ಸುತ್ತು ಬಂದ. ಹೋರಿ ಕೊಳ್ಳುವಾಗಲೂ ಅವನು ಇಷ್ಟು ಹೊತ್ತು ನೋಡಿದವನಲ್ಲ. ಹೋರಿಗಾದರೆ ಬೆನ್ನು ನೋಡಿ, ಕಾಲು ನೋಡಿ, ನಡೆಸಿ ನೋಡಿ ಒಂದು ಮಾತು ಹೇಳಿಬಿಡಬಹುದು. ಇದನ್ನು ಎಲ್ಲಿಂದ ನೋಡಲು ಶುರುಮಾಡಬೇಕೆಂದೇ ಅವನಿಗೆ ತಿಳಿಯಲಿಲ್ಲ.

ನೆಬ್ರಾಸ್ಕಾದ ಮರಳುಗುಡ್ಡಗಳಲ್ಲಿ ದನ ಸಾಕುವವರಿಗೆ ಪಿಕಪ್ಪು ಎಂದರೆ ಒಂದೇ ಆಕಾರ. ಮುಂದೆ ಎತ್ತರದ ಮೂತಿ, ನಡುವೆ ಕೂರುವ ಜಾಗ, ಅದರ ಹಿಂದೆ ನಾಲ್ಕು ಬೆರಳಿನಷ್ಟು ಸಂದು ಬಿಟ್ಟು ಬೇರೆಯಾಗಿ ಕೂರಿಸಿದ ತೊಟ್ಟಿ. ಹತ್ತಬೇಕಾದರೆ ಒಂದು ಕೈಯಲ್ಲಿ ಹಿಡಿ, ಒಂದು ಕಾಲು ಎತ್ತು, ದೇವರನ್ನು ನೆನೆ. ಈ ಗಾಡಿಗೆ ಆ ಸಂದೇ ಇರಲಿಲ್ಲ. ಮೂತಿಯಿಂದ ಬಾಲದವರೆಗೆ ಒಂದೇ ತಗಡು, ಕಾರಿನ ಹಿಂಭಾಗವನ್ನು ಯಾರೋ ಕತ್ತರಿಸಿ ತೆಗೆದು ಸುಮ್ಮನಾದ ಹಾಗೆ. ತೊಟ್ಟಿಯೋ ಗಿಡ್ಡ, ಒಂದು ಎಳೆಗರುವನ್ನು ಮಲಗಿಸಿದರೆ ಅದರ ಬಾಲ ಹೊರಗೆ ಬರಬೇಕು. ಬಣ್ಣವಂತೂ ಆಸ್ಪತ್ರೆ ಗೋಡೆಯ ಹಸಿರು.

"ಹಿಂಬಾಗಿಲು ಎರಡು ಥರ ತೆರೆಯುತ್ತೆ ಸರ್," ಎಂದ ಮಾರುವವ. "ಕೆಳಗೂ ಇಳಿಯುತ್ತೆ, ಪಕ್ಕಕ್ಕೂ ತಿರುಗುತ್ತೆ. ಇಲ್ಲಿ ನೋಡಿ, ತೊಟ್ಟಿ ತಳದಲ್ಲಿ ಮುಚ್ಚಳ. ಎತ್ತಿದ್ರೆ ಕೆಳಗೆ ಇನ್ನೊಂದು ಗೂಡು. ಐಸ್ ತುಂಬಿ ಬಿಯರ್ ಇಟ್ರೆ ಸಂಜೆ ತನಕ ತಣ್ಣಗಿರುತ್ತೆ."

"ಬಿಯರ್ ಇಡೋಕೆ ನಮ್ಮಲ್ಲಿ ದನದ ನೀರಿನ ತೊಟ್ಟಿ ಇದೆ," ಎಂದ ಆರ್ಲಿನ್.

ಅಷ್ಟರಲ್ಲಿ ಆಚೆ ಬದಿಯ ಬಾಗಿಲು ಮುಚ್ಚಿದ ಸದ್ದಾಯಿತು. ಬಗ್ಗಿ ನೋಡಿದರೆ, ಡಾಕ್ಟರ ಹತ್ತಿರ ಹೋಗಿ ಬರುವ ದಾರಿಯಲ್ಲಿ ಜೊತೆಗಿದ್ದ ಅವನ ಹೆಂಡತಿ ಲವಾನ್ ಒಳಗೆ ಕೂತಿದ್ದಳು. ಯಾರೂ ಕೈ ಕೊಟ್ಟಿರಲಿಲ್ಲ. ಅಡುಗೆಮನೆಯ ಕುರ್ಚಿಯಲ್ಲಿ ಕೂರುವ ಹಾಗೆ ಕೂತು, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಗಾಜಿನಾಚೆ ರಸ್ತೆ ನೋಡುತ್ತಿದ್ದಳು.

ಅವಳ ಸೊಂಟದ ಕೀಲು ಬದಲಾಯಿಸಿ ಎರಡು ವರ್ಷವಾಗಿತ್ತು. ಬದಲಾಯಿಸಿದ್ದು ಸರಿಯಾಗಿ ಕೂರಲಿಲ್ಲ. ಅವಳ ಕಾರು ಕಳೆದ ವರ್ಷ ಜಿಂಕೆಗೆ ಗುದ್ದಿ ಗುಜರಿಗೆ ಹೋದ ಮೇಲೆ ಮನೆಯಲ್ಲಿ ಉಳಿದದ್ದು ಆರ್ಲಿನ್‌ನ ದೊಡ್ಡ ಡೀಸೆಲ್ ಪಿಕಪ್ಪು ಒಂದೇ. ಅದರ ಸೀಟು ಅವಳ ಎದೆಯ ಮಟ್ಟಕ್ಕಿತ್ತು. ಆರ್ಲಿನ್ ಒಂದು ಬಕೆಟ್ಟನ್ನು ಬೋರಲು ಹಾಕಿ, ಅದರ ಮೇಲೆ ಅವಳನ್ನು ನಿಲ್ಲಿಸಿ, ಹಿಂದಿನಿಂದ ಮೇಲಕ್ಕೆ ತಳ್ಳುತ್ತಿದ್ದ. ಒಂದು ಭಾನುವಾರ ಇಗರ್ಜಿಯ ಮುಂದೆ ಬಕೆಟ್ಟು ಕೆಸರಿನ ಮೇಲೆ ಜಾರಿತು. ಊರವರೆಲ್ಲ ಹೊರಗೆ ಬರುವ ಹೊತ್ತಿಗೆ ಲವಾನ್ ಲಂಗ ಎತ್ತಿಹೋಗಿ ನೆಲದ ಮೇಲೆ ಕೂತಿದ್ದಳು. ಅಂದಿನಿಂದ ಡಾಕ್ಟರ ಹತ್ತಿರ ಹೋಗುವುದು ಬಿಟ್ಟರೆ ಅವಳು ಎಲ್ಲಿಗೂ ಹೊರಟವಳಲ್ಲ. ಎಂಟು ತಿಂಗಳು.

"ಹತ್ತಿದ್ದೇ ಗೊತ್ತಾಗ್ಲಿಲ್ಲ ಆರ್ಲಿನ್," ಎಂದಳು ಗಾಜು ಇಳಿಸಿ.

"ಅದೇ ನಂಗೆ ಬೇಜಾರು. ಹತ್ತಿದ್ದೇ ಗೊತ್ತಾಗ್ದೆ ಇದ್ರೆ ಅದೆಂಥಾ ಪಿಕಪ್ಪು?"

"ನೀನು ತಗೊಳ್ಳೋದು ನೋಡೋಕೋ ಓಡಿಸೋಕೋ?"

"ಊರೋರು ನೋಡ್ತಾರಲ್ಲ."

"ಊರೋರು ನನ್ನನ್ನ ನೋಡಿ ಎಂಟು ತಿಂಗಳಾಯ್ತು," ಎಂದಳು ಅವಳು, ನಗುತ್ತಲೇ.

ಆರ್ಲಿನ್ ಟೈರಿಗೆ ಒಂದು ಒದೆ ಕೊಟ್ಟು ನೋಡಿದ. ಮಾರುವವನು ಬುದ್ಧಿವಂತ. ನಾಲ್ಕು ದಿನ ಇಟ್ಟುಕೊಂಡು ಓಡಿಸಿ ನೋಡಿ, ಸೋಮವಾರ ಸಂಜೆ ಐದರೊಳಗೆ ಬೇಕು ಬೇಡ ಹೇಳಿ ಎಂದು ಕೀ ಕೈಗಿಟ್ಟ. ಹಳೆಯ ಡೀಸೆಲನ್ನು ಸಂಜೆ ಹುಡುಗನ ಕೈಲಿ ಮನೆಗೆ ಕಳಿಸುತ್ತೇನೆಂದೂ ಹೇಳಿದ. ಅಂದು ಗುರುವಾರ.

ಮನೆಗೆ ಬರುವಾಗ ದಾರಿಯಲ್ಲಿ ರಾಯ್ಸ್ ಎದುರಾದ. ಪಕ್ಕದ ದನದ ರಾಂಚಿನವನು, ನಲವತ್ತು ವರ್ಷದ ಗೆಳೆಯ, ಬಾಯಿ ಬಿಟ್ಟರೆ ಒಬ್ಬನ ಮಾನ ಕಳೆಯದೆ ಮುಚ್ಚುವವನಲ್ಲ. ಈ ಕಡೆಯ ಮರಳು ದಾರಿಗಳಲ್ಲಿ ಎದುರು ಬಂದವರಿಗೆ ಸ್ಟೀರಿಂಗಿನ ಮೇಲಿನ ಕೈಯಿಂದ ಒಂದು ಬೆರಳು ಎತ್ತುವುದು ಮರ್ಯಾದೆ. ಮುಖ ನೋಡಿ ಎತ್ತುವುದಲ್ಲ, ದೂರದಿಂದಲೇ ಗಾಡಿಯನ್ನು ಗುರುತಿಸಿ ಎತ್ತುವುದು. ರಾಯ್ಸ್ ಹಸಿರು ಗಾಡಿಯನ್ನು ಕಣ್ಣು ಕಿರಿದು ಮಾಡಿ ನೋಡಿದ. ಬೆರಳು ಏಳಲಿಲ್ಲ. ಆರ್ಲಿನ್ ಟೋಪಿಯನ್ನು ಮೂಗಿನವರೆಗೆ ಎಳೆದುಕೊಂಡ.

"ರಾಯ್ಸ್ ಅಲ್ವಾ? ನಿಲ್ಲಿಸಿ ಮಾತಾಡಿಸ್ಬೇಕಿತ್ತು," ಎಂದಳು ಲವಾನ್.

"ಅವ್ನು ಅವಸರದಲ್ಲಿದ್ದ."

ಶುಕ್ರವಾರ ಬೆಳಿಗ್ಗೆ ಆರ್ಲಿನ್ ಎಂದಿನಂತೆ ಮೇವಿನ ಸೊಸೈಟಿಗೆ ಕಾಫಿಗೆ ಹೋದ, ಹಳೆಯ ಡೀಸೆಲ್‌ನಲ್ಲಿ. ಅಲ್ಲಿ ಬೀಜದ ಚೀಲಗಳ ನಡುವೆ ಒಂದು ಉದ್ದನೆಯ ಮೇಜು, ಅದರ ಸುತ್ತ ದಿನವೂ ಅದೇ ಏಳೆಂಟು ಜನ, ಅವರವರ ಕುರ್ಚಿ ಅವರವರಿಗೆ. ರಾಯ್ಸ್ ಕಥೆ ಶುರುಮಾಡಿಯೇ ಬಿಟ್ಟಿದ್ದ.

"ನಿನ್ನೆ ದಾರೀಲಿ ಒಂದು ಗಾಡಿ ನೋಡ್ದೆ. ಕಾರು ಪಿಕಪ್ಪಿನ ಜೊತೆ ಓಡಿಹೋಗಿ ಹಡೆದಂಗಿತ್ತು. ಅಪ್ಪನ್ನೂ ಹೋಲಲ್ಲ, ಅಮ್ಮನ್ನೂ ಹೋಲಲ್ಲ."

"ಯಾರ್ದಂತೆ?" ಎಂದ ಗೇಲನ್. ಮರುದಿನ ಕರುಗಳಿಗೆ ಒಡೆಯನ ಗುರುತಿನ ಬರೆ ಹಾಕುವ ಕೆಲಸವಿದ್ದದ್ದು ಅವನ ರಾಂಚಿನಲ್ಲಿಯೇ.

"ಡೆನ್ವರ್ ಕಡೆಯೋರು ಇರ್ಬೇಕು. ಹಕ್ಕಿ ನೋಡೋಕೆ ಬರ್ತಾರಲ್ಲ, ಆ ಜಾತಿ."

ಎಲ್ಲರೂ ನಕ್ಕರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ಕೆಲವರು. ಆರ್ಲಿನ್ ಅದಕ್ಕೂ ಒಂದು ಹೆಜ್ಜೆ ಮುಂದೆ ಹೋಗಿ ಬೇರೆ ಕಳ್ಳನನ್ನು ತೋರಿಸಲು ಹೊರಟ.

"ಹಿಂದಿನ ತೊಟ್ಟಿ ಹಕ್ಕಿಗಳಿಗೆ ಸ್ನಾನ ಮಾಡ್ಸೋಕೆ ಇಟ್ಟಿರ್ಬೇಕು," ಎಂದ.

ಆ ದಿನದ ಅತಿ ದೊಡ್ಡ ನಗು ಅವನಿಗೇ ಸಿಕ್ಕಿತು. ಗೇಲನ್ ಕೆಮ್ಮುವಷ್ಟು ನಕ್ಕು ಅವನ ಬೆನ್ನು ತಟ್ಟಿದ. ಕಾಫಿ ಮುಗಿಸಿ ಮನೆಗೆ ಬರುವಾಗ, ರಾಂಚಿನ ಗೇಟಿನ ಬಳಿ, ಹಸಿರು ಗಾಡಿಯ ಪಕ್ಕ ನಿಂತು ಅದರ ಗಾಜು ಒರೆಸುತ್ತಿದ್ದ ಲವಾನ್ ಅವನಿಗೆ ಕೈ ಬೀಸಿದಳು. ಅವಳು ತಾನೇ ಓಡಿಸಿಕೊಂಡು ಅಂಚೆಪೆಟ್ಟಿಗೆಯವರೆಗೆ ಹೋಗಿ ಬಂದಿದ್ದಳು. ಅಂಚೆಪೆಟ್ಟಿಗೆ ಮನೆಯಿಂದ ಒಂದು ಮೈಲಿ. ಎಂಟು ತಿಂಗಳಲ್ಲಿ ಮೊದಲ ಸಲ ಅವಳ ಕಾಗದಗಳನ್ನು ಅವಳೇ ತಂದಿದ್ದಳು. ಆರ್ಲಿನ್‌ಗೆ ಅವಳ ಮುಖ ನೋಡಲಾಗಲಿಲ್ಲ, ದನಗಳಿಗೆ ಉಪ್ಪು ಹಾಕುವುದಿದೆ ಎಂದು ಹೇಳಿ ಕೊಟ್ಟಿಗೆಗೆ ಹೋದ.

ಉಪ್ಪಿನ ಗಟ್ಟಿಗಳನ್ನು ಹೊಸ ಗಾಡಿಗೇ ಹಾಕಿದ, ಪರೀಕ್ಷೆ ಮಾಡಲೆಂದು. ನಿಜ ಹೇಳಬೇಕೆಂದರೆ ಅದು ಸೋಲಲಿ ಎಂದು. ಹನ್ನೆರಡು ಗಟ್ಟಿ ಹಿಡಿಯಿತು, ಜಗ್ಗಲಿಲ್ಲ. ತೊಟ್ಟಿ ತಗ್ಗಿನಲ್ಲಿದ್ದುದರಿಂದ ಅವನ ಕೆಟ್ಟ ಭುಜ ಗೊಣಗಲಿಲ್ಲ. ಮುಳ್ಳುತಂತಿಯ ಸುರುಳಿಗಳು ಕೆಳಗಿನ ಗೂಡಿನಲ್ಲಿ ಕೂತವು. ಕರುಗಳನ್ನು ಸಾಗಿಸುವ ಚಿಕ್ಕ ಟ್ರೈಲರು ಕಟ್ಟಿ ಗುಡ್ಡ ಹತ್ತಿಸಿದ, ಹತ್ತಿತು. ದೊಡ್ಡ ಹುಲ್ಲಿನ ಉರುಳೆ ಮಾತ್ರ ಅದರ ಮೇಲೆ ಕೂರುವುದಿಲ್ಲ, ಅದಕ್ಕೆ ಹಳೆಯದು ಹೇಗೂ ಇದ್ದೇ ಇದೆ. ತಕ್ಕಡಿಯ ಒಂದು ತಟ್ಟೆಯಲ್ಲಿ ಇಷ್ಟೆಲ್ಲ ಕೂತಿತ್ತು. ಇನ್ನೊಂದು ತಟ್ಟೆಯಲ್ಲಿ ಇದ್ದದ್ದು ಸೊಸೈಟಿಯ ಮೇಜಿನ ನಗು ಒಂದೇ. ಆ ನಗುವಿನ ಕಡೆಯೇ ತಕ್ಕಡಿ ವಾಲುತ್ತಿತ್ತು. ಅರವತ್ತೊಂದು ವರ್ಷದ ಗಂಡಸಿಗೆ ಇದು ಶೋಭೆಯಲ್ಲವೆಂದು ಅವನಿಗೆ ಗೊತ್ತಿತ್ತು, ಗೊತ್ತಿದ್ದೂ ವಾಲುತ್ತಿತ್ತು.

ಶನಿವಾರ ಗೇಲನ್‌ನ ರಾಂಚಿನಲ್ಲಿ ಕರುಗಳಿಗೆ ಬರೆ. ಮೇ ತಿಂಗಳು ಬಂತೆಂದರೆ ಈ ಗುಡ್ಡಗಳಲ್ಲಿ ಪ್ರತಿ ಶನಿವಾರ ಒಬ್ಬರ ಮನೆ. ಕೂಲಿಯಿಲ್ಲ, ಕರೆಯುವುದೂ ಇಲ್ಲ, ನೆರೆಯವರು ಬಂದೇ ಬರುತ್ತಾರೆ. ಹೆಂಗಸರು ಅಡುಗೆ ಹೊತ್ತು ತರುತ್ತಾರೆ. ಲವಾನ್ ಎರಡು ವರ್ಷದಿಂದ ಹೋಗಿರಲಿಲ್ಲ. ಶುಕ್ರವಾರ ಮಧ್ಯಾಹ್ನದಿಂದ ರಾತ್ರಿಯವರೆಗೆ ಅವಳು ಗೋಡೆ ಹಿಡಿದುಕೊಂಡು ನಿಂತು ಒಣದ್ರಾಕ್ಷಿಯ ಕೊಲಾಚೆ ಬನ್ನು ಸುಟ್ಟಿದ್ದಳು, ದೊಡ್ಡ ಪಾತ್ರೆಯಲ್ಲಿ ಬೀನ್ಸ್ ಕಾಳುಗಳನ್ನು ಬೆಲ್ಲದ ಪಾಕ ಹಾಕಿ ಬೇಯಿಸಿದ್ದಳು. ಬೆಳಿಗ್ಗೆ ನೀಲಿ ಅಂಗಿ ತೊಟ್ಟು, ತುಟಿಗೆ ಸ್ವಲ್ಪ ಬಣ್ಣ ಹಚ್ಚಿ ಮೆಟ್ಟಿಲ ಮೇಲೆ ನಿಂತಳು.

"ಹಳೇದ್ರಲ್ಲೇ ಹೋಗೋಣ್ವಾ?" ಎಂದ ಆರ್ಲಿನ್. "ಸಾಮಾನು ಜಾಸ್ತಿ ಇದೆ."

"ಬಕೆಟ್ ತಗೊಂಡ್ಯಾ?" ಎಂದಳು ಲವಾನ್.

ಅವನು ಹೊಸ ಗಾಡಿಯ ಕೀ ತಂದ. ಬೀನ್ಸಿನ ಪಾತ್ರೆ, ಕೊಲಾಚೆಯ ತಟ್ಟೆಗಳು ತೊಟ್ಟಿಯ ಕೆಳಗಿನ ಗೂಡಿನಲ್ಲಿ ಅಲುಗಾಡದೆ ಕೂತವು. ದಾರಿಯುದ್ದಕ್ಕೂ ಲವಾನ್ ಮಾತಾಡಿದಳು. ಯಾರ ಸೊಸೆ ಹಡೆದಳು, ಯಾರ ಮನೆಗೆ ಹೊಸ ಒಲೆ ಬಂತು, ಎಲ್ಲವನ್ನೂ ಇವತ್ತು ಖುದ್ದಾಗಿ ನೋಡಿ ಕೇಳಿ ತಿಳಿಯಬೇಕು ಎಂದಳು. ಆರ್ಲಿನ್‌ನ ಕಿವಿಯಲ್ಲಿ ಮಾತ್ರ ಹಕ್ಕಿಯ ಸ್ನಾನದ ನಗು ಕೇಳುತ್ತಿತ್ತು. ಅಂಗಳಕ್ಕೆ ಇದರಲ್ಲಿ ಇಳಿದರೆ ಆ ಮಾತನ್ನು ಅವರು ಅವನು ಸಾಯುವವರೆಗೂ ಆಡುತ್ತಾರೆ. ಅವನ ಶವಪೆಟ್ಟಿಗೆಯನ್ನು ಹೊರುವಾಗಲೂ ಆಡುತ್ತಾರೆ.

ಗೇಲನ್‌ನ ಮನೆಗೆ ಇನ್ನೂ ಅರ್ಧ ಮೈಲಿ ಇರುವಾಗ ಗಾಳಿ ತಡೆಯಲು ನೆಟ್ಟ ಸೀಡರ್ ಮರಗಳ ದಟ್ಟ ಸಾಲು ಬರುತ್ತದೆ. ಆರ್ಲಿನ್ ಸ್ಟೀರಿಂಗು ತಿರುಗಿಸಿ ಹುಲ್ಲುಗಾವಲಿಗೆ ಇಳಿಸಿದ, ಸಾಲಿನ ಹಿಂದೆ, ಅಂಗಳಕ್ಕೆ ಕಾಣದ ಜಾಗದಲ್ಲಿ ನಿಲ್ಲಿಸಿದ.

"ಇಲ್ಯಾಕೆ?" ಎಂದಳು ಲವಾನ್.

"ಅಂಗಳ ತುಂಬಿರುತ್ತೆ. ಇಲ್ಲಾದ್ರೆ ನೆರಳು."

"ಬೆಳಿಗ್ಗೆ ಏಳು ಗಂಟೆಗೆ ನೆರಳಾ?"

ಅವನು ಇಳಿದು ಕೀ ಜೇಬಿಗೆ ಹಾಕಿಕೊಂಡ. ಬರೆ ಹಾಕುವ ದಿನ ಯಾರೂ ಕೀ ತೆಗೆಯುವುದಿಲ್ಲ. ಯಾರದಾದರೂ ಗಾಡಿ ಅಡ್ಡವಾದರೆ ಇನ್ಯಾರಾದರೂ ಹತ್ತಿ ಸರಿಸುತ್ತಾರೆ, ಔಷಧಿ ತರಬೇಕಾದರೆ ಹತ್ತಿರದ್ದನ್ನು ಓಡಿಸಿಕೊಂಡು ಹೋಗುತ್ತಾರೆ. ಆರ್ಲಿನ್ ತನ್ನ ಜನ್ಮದಲ್ಲಿ ಇದೇ ಮೊದಲ ಸಲ ಕೀ ತೆಗೆದದ್ದು. ಲವಾನ್ ಅವನ ಜೇಬನ್ನು ನೋಡಿದಳು. ಕೊಲಾಚೆಯ ತಟ್ಟೆಗಳನ್ನು ಒಂದರ ಮೇಲೊಂದಿಟ್ಟು ಎತ್ತಿಕೊಂಡಳು.

ಮರಳು ನೆಲ, ಹೆಗ್ಗಣ ತೋಡಿದ ಗುಡ್ಡೆಗಳು, ಚೂಪು ಎಲೆಯ ಗಿಡಗಳು. ಆರ್ಲಿನ್ ಬೀನ್ಸಿನ ಪಾತ್ರೆ ಹೊತ್ತು ಮುಂದೆ ನಡೆದ. ಒಮ್ಮೆ ತಿರುಗಿ ನೋಡಿದ. ಅವಳು ಬೆನ್ನು ನೇರ ಮಾಡಿಕೊಂಡು, ಗಲ್ಲ ಎತ್ತಿ, ಒಂದೊಂದೇ ಹೆಜ್ಜೆ ಸರಿಯಾಗಿ ಊರುತ್ತಾ ಬರುತ್ತಿದ್ದಳು. ಕುಂಟುತ್ತಲೇ ಇರಲಿಲ್ಲ. ಪರವಾಗಿಲ್ಲವೇ, ಅಷ್ಟೊಂದು ನೋವಿದ್ದ ಹಾಗೆ ಕಾಣುವುದಿಲ್ಲ, ಮನೆಯಲ್ಲಿ ಸ್ವಲ್ಪ ಹೆಚ್ಚಾಗಿಯೇ ಹೇಳುತ್ತಾಳೆ ಎಂದುಕೊಂಡ. ಹಾಗೆಂದುಕೊಂಡ ಮೇಲೆ ಎದೆ ಎಷ್ಟು ಹಗುರಾಯಿತೆಂದರೆ ಒಂದು ಹಳೆಯ ಪೋಲ್ಕಾ ಕುಣಿತದ ಹಾಡಿನ ಸಾಲನ್ನು ಗುನುಗಿದ.

ಅಂಗಳದಲ್ಲಿ ಆರು ಪಿಕಪ್ಪುಗಳು ನಿಂತಿದ್ದವು. ಇನ್ನೂ ಮೂವತ್ತಕ್ಕೆ ಜಾಗವಿತ್ತು. ಲವಾನ್ ಅಂಗಳವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ನಿಧಾನವಾಗಿ ನೋಡಿದಳು. ಆಮೇಲೆ ಗಂಡನನ್ನು ನೋಡಿದಳು. ಮೆಟ್ಟಿಲು ಹತ್ತಿ ಅಡುಗೆಮನೆಗೆ ಹೋದಳು.

ಸ್ವಲ್ಪ ಹೊತ್ತಿಗೆ ಕುದುರೆಯವರು ಗುಡ್ಡದಿಂದ ಹಸು ಕರುಗಳನ್ನು ಇಳಿಸಿಕೊಂಡು ಬಂದರು, ಗೇಲನ್, ರಾಯ್ಸ್, ಇನ್ನಿಬ್ಬರು. ಕರುಗಳನ್ನು ಬೇರೆ ಮಾಡಿ ದೊಡ್ಡಿಗೆ ತುಂಬಿದರು. ಆರ್ಲಿನ್‌ಗೆ ಭುಜ ಕೆಟ್ಟ ಮೇಲೆ ಕುದುರೆಯ ಕೆಲಸವಿಲ್ಲ, ಬರೆಯ ಕಬ್ಬಿಣ ಕಾಯಿಸುವುದು ಅವನ ಪಾಲು. ರಾಯ್ಸ್ ಅವನ ಪಕ್ಕದಲ್ಲೇ ಕುದುರೆ ನಿಲ್ಲಿಸಿ ಹಗ್ಗ ಬಿಚ್ಚಿಕೊಂಡ. ಎಂದಿನಂತೆ ಒಂದು ಕುಹಕ ಬರುತ್ತದೆಂದು ಆರ್ಲಿನ್ ಕಾದ. ಬರಲಿಲ್ಲ.

"ಲವಾನ್ ಬಂದಿದ್ದಾಳೆ," ಎಂದ ರಾಯ್ಸ್.

"ಹೂಂ, ಬಂದಿದ್ದಾಳೆ."

"ಒಳ್ಳೇದಾಯ್ತು," ಎಂದು ಹೇಳಿ ಅವನು ಕುದುರೆ ತಿರುಗಿಸಿದ.

ಹತ್ತು ಗಂಟೆಯ ಹೊತ್ತಿಗೆ ಆರ್ಲಿನ್ ನೀರಿಗೆಂದು ಅಡುಗೆಮನೆಯ ಬಾಗಿಲಿಗೆ ಬಂದ. ಒಳಗೆ ಗೇಲನ್‌ನ ಹೆಂಡತಿ ಜೋಲೀನ್ ಆಲೂಗೆಡ್ಡೆ ಹಿಸುಕುತ್ತಿದ್ದಳು.

"ನಿಮ್ಮ ಗಾಡಿ ಬಂದಿದ್ದೇ ಕಾಣಿಸ್ಲಿಲ್ವಲ್ಲ ಲವಾನ್?"

"ಆಚೇನೇ ಇಳಿದು ನಡ್ಕೊಂಡು ಬಂದೆ ಕಣೆ," ಎನ್ನುತ್ತಿದ್ದಳು ಲವಾನ್. "ದಿನಾ ಸ್ವಲ್ಪ ನಡೀಬೇಕು ಅಂದಿದ್ದಾರೆ ಡಾಕ್ಟ್ರು. ಆರ್ಲಿನ್ ಬೇಡ ಅಂದ. ನಾನೇ ಹಟ ಮಾಡ್ದೆ."

ಡಾಕ್ಟರು ಹೇಳಿದ್ದು ಹಳ್ಳತಿಟ್ಟಿನಲ್ಲಿ ಕಾಲಿಡಲೇಬೇಡಿ ಎಂದು. ಆರ್ಲಿನ್ ಅದನ್ನು ಕಿವಿಯಾರೆ ಕೇಳಿದ್ದ. ಅವನು ನೀರು ಕೇಳದೆ ಹಿಂದಕ್ಕೆ ಬಂದು ಬೆಂಕಿಯ ಮುಂದೆ ನಿಂತ. ಕೂದಲು ಸುಟ್ಟ ವಾಸನೆಯ ಹೊಗೆ ಕಣ್ಣಿಗೆ ಬಡಿಯಿತು, ಒರೆಸಿಕೊಳ್ಳುವುದಕ್ಕೆ ಒಂದು ನೆಪವಾಯಿತು. ಅವಳು ಬೈದಿದ್ದರೆ ತಡೆಯಬಹುದಿತ್ತು. ತನ್ನನ್ನು ಕಾಪಾಡಿದ್ದನ್ನು ಹೇಗೆ ತಡೆಯಬೇಕೆಂದು ಅವನಿಗೆ ತಿಳಿಯಲಿಲ್ಲ.

ಆಗಲೇ ಹೋಗಿ ಗಾಡಿಯನ್ನು ತಂದು ಬಾಗಿಲಿಗೆ ನಿಲ್ಲಿಸಬಹುದಿತ್ತು. ಐದು ನಿಮಿಷದ ಕೆಲಸ. ಈ ಕಬ್ಬಿಣ ಕಾಯಲಿ, ಈ ಕರು ಮುಗಿಯಲಿ, ಊಟವಾಗಲಿ ಎಂದು ಮುಂದೂಡಿದ. ಊಟವೂ ಆಯಿತು. ಗಂಡಸರೆಲ್ಲ ರಾಯ್ಸ್‌ನ ಪಿಕಪ್ಪಿನ ಹಿಂಬಾಗಿಲು ಇಳಿಸಿ, ಅದಕ್ಕೆ ಮೊಣಕೈ ಊರಿ, ಬಿಯರ್ ಹಿಡಿದು ನಿಂತರು. ಆಗ ರಾಯ್ಸ್ ಮಾತು ತೆಗೆದ.

"ಸೀಡರ್ ಹಿಂದೆ ಒಂದು ಗಾಡಿ ನಿಂತಿದೆ. ನಮ್ಮೋರ್ದು ಯಾರ್ದಾದ್ರೂ ಹೌದಾ?"

ಅವನ ದನಿಯಲ್ಲಿ ತಮಾಷೆ ಇರಲಿಲ್ಲ. ಯಾರೂ ನಗಲಿಲ್ಲ. ಎಲ್ಲರೂ ತಮ್ಮ ತಮ್ಮ ಬೂಟು ನೋಡಿಕೊಂಡರು. ಇಷ್ಟು ಹೊತ್ತು ಬಾಯಿ ನಿಲ್ಲದಿದ್ದ ಗುಂಪು ಇದ್ದಕ್ಕಿದ್ದಂತೆ ಯಾಕೆ ಸುಮ್ಮನಾಯಿತೆಂದು ಆರ್ಲಿನ್ ಯೋಚಿಸಬೇಕಿತ್ತು. ಅವನು ಯೋಚಿಸಲಿಲ್ಲ.

"ಯಾರೋ ಮೀನು ಹಿಡಿಯೋರ್ದು ಇರ್ಬೇಕು," ಎಂದ.

ಗೇಲನ್‌ನ ಜಾಗದಲ್ಲಿ ಮೀನಿರುವ ನೀರೇ ಇರಲಿಲ್ಲ. ಹದಿನೈದು ಮೈಲಿ ಸುತ್ತಲೂ ಇರಲಿಲ್ಲ. ಗೇಲನ್ ತಲೆ ಎತ್ತಿ ಅವನನ್ನು ನೋಡಿ, ಮತ್ತೆ ತಲೆ ತಗ್ಗಿಸಿದ.

"ಅದು ನಂದು ರಾಯ್ಸ್," ಎಂದಿತು ಹಿಂದಿನಿಂದ ಒಂದು ದನಿ. ಲವಾನ್ ಕಾಫಿಯ ಕೂಜ ಹಿಡಿದು ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. "ಸ್ವಲ್ಪ ಬಾಗಿಲ ಹತ್ರ ತಂದುಕೊಡ್ತೀಯಾ? ಕಾಲು ಸೋತುಹೋಗಿದೆ."

"ತಂದಾಯ್ತು ಅನ್ಕೋ," ಎಂದ ರಾಯ್ಸ್. "ಕೀ ಅದ್ರಲ್ಲೇ ಇದೆ ತಾನೆ?"

"ಇಲ್ಲ. ಆರ್ಲಿನ್ ಜೇಬಲ್ಲಿದೆ."

ನೆಲ ಬಾಯಿ ಬಿಡಬಾರದೆ ಎನ್ನುತ್ತಾರಲ್ಲ, ಆರ್ಲಿನ್ ನಿಜವಾಗಿಯೂ ನೆಲವನ್ನು ನೋಡಿದ. ರಾಯ್ಸ್ ಕೈ ಚಾಚಿದ. ಆರ್ಲಿನ್ ಜೇಬಿನಿಂದ ಕೀ ತೆಗೆಯಲು ಹೋದರೆ ಅದು ಕರ್ಚೀಫಿಗೆ ಸಿಕ್ಕಿಕೊಂಡು ಬರಲೇ ಇಲ್ಲ. ಎಂಟು ಜನ ಗಂಡಸರು ಅವನು ತಡಕಾಡುವುದನ್ನು ನೋಡದ ಹಾಗೆ ನೋಡುತ್ತಾ ನಿಂತರು. ಕೊನೆಗೆ ಬಂತು. ರಾಯ್ಸ್ ಅದನ್ನು ತೆಗೆದುಕೊಂಡು ಹುಲ್ಲುಗಾವಲಿನ ಕಡೆ ನಡೆದ.

ಹಸಿರು ಗಾಡಿ ಅಂಗಳದ ನಡುವೆ ಬಂದು ನಿಂತಿತು. ಜೋಲೀನ್ ಖಾಲಿ ಪಾತ್ರೆಗಳನ್ನು ಕೆಳಗಿನ ಗೂಡಿಗೆ ಇಟ್ಟು, "ಅಯ್ಯೋ ಇದೆಷ್ಟು ಅನುಕೂಲ," ಎಂದಳು. ಲವಾನ್ ಯಾರ ಕೈಯನ್ನೂ ಹಿಡಿಯದೆ ಬಾಗಿಲು ತೆರೆದು ಒಳಗೆ ಕೂತಳು. ಓಡಿಸುವವನ ಪಕ್ಕದ ಸೀಟಿನಲ್ಲಿ ಕೂತಳು. ಕೂತು ಕಾದಳು. ಆರ್ಲಿನ್ ಇಡೀ ಅಂಗಳ ದಾಟಿ, ಎಲ್ಲರ ಮುಂದೆ, ಆ ಗಾಡಿಯ ಇನ್ನೊಂದು ಬಾಗಿಲಿಗೆ ಹೋಗಬೇಕಾಯಿತು.

ಮನೆಯ ದಾರಿಯಲ್ಲಿ ಎರಡು ಮೈಲಿ ಕಳೆದಿತ್ತು.

"ಸೋಮವಾರ ವಾಪಸ್ ಕೊಟ್ಬಿಡು," ಎಂದಳು ಅವಳು.

"ನಿಂಗೆ ಇಷ್ಟ ಆಗಿತ್ತಲ್ಲ."

"ಆಗಿತ್ತು. ಹೋದ ಕಡೆಯೆಲ್ಲಾ ನೀನು ಮರ ಹುಡುಕ್ತಾ ಇದ್ರೆ ನಾನು ಹೇಗೆ ಜೊತೆಗೆ ಬರ್ಲಿ? ಮನೇಲಿರೋದು ಅಭ್ಯಾಸ ಆಗಿದೆ ಆರ್ಲಿನ್. ಅಲ್ಲೇ ಇರ್ತೀನಿ ಬಿಡು."

ಅವಳು ಕೋಪದಿಂದ ಹೇಳಿದ್ದರೆ ಅವನು ಒಂದು ಮಾತು ಎದುರಾಡುತ್ತಿದ್ದ. ಅವಳು ಹೇಳಿದ್ದು ಅಂಗಡಿಯಲ್ಲಿ ಇದು ಬೇಡ, ಇನ್ನೊಂದು ಕೊಡಿ ಎನ್ನುವಷ್ಟು ಸಲೀಸಾಗಿ. ಎಂಟು ತಿಂಗಳ ಮೇಲೆ ಹೊರಗೆ ಬಂದವಳನ್ನು ತಾನು ಒಂದೇ ಬೆಳಿಗ್ಗೆಯಲ್ಲಿ ಮತ್ತೆ ಒಳಗೆ ಕಳಿಸಿದೆನೆಂದು ಅವನಿಗೆ ಅರ್ಥವಾಯಿತು. ಅದೂ ಯಾರೋ ನಗುತ್ತಾರೆಂದು.

ಭಾನುವಾರ ಅವಳು ಹಾಸಿಗೆಯಿಂದ ಏಳಲಿಲ್ಲ. ಐಸಿನ ಚೀಲ ಕೇಳಿದಳು, ಅವನು ಕೊಟ್ಟ. ಅವನು ಕೊಟ್ಟಿಗೆಗೆ ಹೋಗಿ ಹೊಸ ಗಾಡಿಯಲ್ಲಿ, ಅವಳ ಸೀಟಿನಲ್ಲಿ, ಸುಮ್ಮನೆ ಕೂತ. ಕೂರಲು ನಿಜಕ್ಕೂ ಸುಖವಾಗಿತ್ತು.

ಸೋಮವಾರ ಬೆಳಿಗ್ಗೆ ಅವನು ಅದೇ ಗಾಡಿಯನ್ನು ಓಡಿಸಿಕೊಂಡು ಹೋಗಿ ಸೊಸೈಟಿಯ ಕಿಟಕಿಗೆ ಮೂತಿ ತಾಗುವಂತೆ ನಿಲ್ಲಿಸಿದ. ಒಳಗೆ ಹೋದ, ಆದರೆ ಕೂರಲಿಲ್ಲ, ಮೇಜಿನ ತುದಿಯಲ್ಲಿ ನಿಂತ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದ, ಅದೆಲ್ಲ ಮರೆತುಹೋಯಿತು.

"ಆ ಗಾಡಿ ನಮ್ದು," ಎಂದ. "ಶನಿವಾರ ಸೀಡರ್ ಹಿಂದೆ ಬಚ್ಚಿಟ್ಟಿದ್ದು ನಾನೇ. ನೀವು ನಗ್ತೀರಾ ಅಂತ. ಆ ಕಾಲಲ್ಲಿ ಲವಾನ್‌ನ ಅಲ್ಲಿಂದ ನಡೆಸ್ಕೊಂಡು ಬಂದೆ. ನಿಮಗೆ ಗೊತ್ತಿರ್ಲಿ ಅಂತ ಹೇಳ್ದೆ."

ರಾಯ್ಸ್ ತನ್ನ ಲೋಟವನ್ನು ಮೇಜಿನ ಮೇಲೆ ಒಂದು ಸುತ್ತು ತಿರುಗಿಸಿದ.

"ಗೊತ್ತು ಆರ್ಲಿನ್. ನಾವು ನಾಲ್ಕು ಜನ ಗುಡ್ಡದ ಮೇಲಿದ್ವಲ್ಲ, ದನ ಇಳಿಸ್ತಾ."

ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕಿಗೂ ಇದಕ್ಕಿಂತ ಹೆಚ್ಚು ಬುದ್ಧಿ ಇದ್ದ ಹಾಗೆ ಕಾಣುತ್ತದೆ. ಬರೆ ಹಾಕುವ ಬೆಳಿಗ್ಗೆ ಕುದುರೆಯವರು ಗುಡ್ಡದ ಮೇಲಿರುತ್ತಾರೆ. ಮೂವತ್ತು ವರ್ಷ ಅವನೂ ಆ ಗುಡ್ಡದ ಮೇಲಿದ್ದವನೇ, ಅಲ್ಲಿಂದ ನಾಲ್ಕು ಮೈಲಿ ದೂರದ ಮೊಲವೂ ಕಾಣುತ್ತದೆಂದು ಬಲ್ಲವನೇ. ಅಂಗಳಕ್ಕೆ ಕಾಣಬಾರದೆಂಬ ಒಂದೇ ಚಿಂತೆಯಲ್ಲಿ ಮರಗಳ ಆಚೆ ಬದಿಗೆ ಹೋಗಿ, ಊರಿಗೆಲ್ಲ ಕಾಣುವ ಜಾಗದಲ್ಲಿ ನಿಂತುಬಿಟ್ಟಿದ್ದ.

"ಗೇಲನ್, ಕುದುರೆ ತಗೊಂಡು ಇಳೀತೀನಿ, ಅವಳನ್ನ ಕೂರಿಸ್ಕೊಂಡು ಬರ್ತೀನಿ ಅಂದ," ಎಂದ ರಾಯ್ಸ್. "ನಾನೇ ತಡೆದೆ. ನಾವು ನೋಡಿದ್ದು ಅವಳಿಗೆ ಗೊತ್ತಾದ್ರೆ ಅವಳಿಗೆ ಅವಮಾನ ಅಂತ."

"ಮತ್ತೆ ಯಾರ್ದು ಅಂತ ಯಾಕೆ ಕೇಳ್ದೆ?"

"ನೀನು ಹೇಳ್ತೀಯೇನೋ ಅಂತ."

ಗೇಲನ್ ಕಿಟಕಿಯಾಚೆ ನೋಡಿದ.

"ಗಾಡಿ ನೋಡೋಕೆ ದರಿದ್ರವಾಗೇ ಇದೆ," ಎಂದ ರಾಯ್ಸ್. "ಅದು ಬೇರೆ ವಿಷಯ."

ಅದಕ್ಕೂ ಯಾರೂ ನಗಲಿಲ್ಲ. ಆರ್ಲಿನ್‌ನ ಕುರ್ಚಿಯನ್ನು ಯಾರೋ ಕಾಲಿನಿಂದ ಹಿಂದಕ್ಕೆ ತಳ್ಳಿ ಕೂರಲು ಜಾಗ ಮಾಡಿದರು. ಅವನು ಕೂರಲಿಲ್ಲ. ಸೊಸೈಟಿಯ ಫೋನಿನಿಂದಲೇ ಮಾರುವವನಿಗೆ ಗಾಡಿ ಇಟ್ಟುಕೊಳ್ಳುತ್ತೇವೆಂದು ಹೇಳಿ, ಹೆಂಡತಿಯ ಹೆಸರಿಗೆ ಬರೆಯಲು ಹೇಳಿ, ಮನೆಗೆ ಬಂದ. ಗಾಡಿಯನ್ನು ಮೆಟ್ಟಿಲ ಬುಡಕ್ಕೇ ತಂದು ನಿಲ್ಲಿಸಿದ.

ಲವಾನ್ ಅಡುಗೆಮನೆಯಲ್ಲಿ, ಒಂದು ಕುರ್ಚಿಯಲ್ಲಿ ಕೂತು ಇನ್ನೊಂದರ ಮೇಲೆ ಕಾಲು ಚಾಚಿದ್ದಳು. ಸೊಂಟಕ್ಕೆ ಐಸಿನ ಚೀಲ ಒತ್ತಿ ಹಿಡಿದಿದ್ದಳು. ಅವನು ಟೋಪಿ ತೆಗೆದು ಬಾಗಿಲಲ್ಲೇ ನಿಂತ.

"ಅವತ್ತು ಅವರು ಗುಡ್ಡದ ಮೇಲಿದ್ರಂತೆ," ಎಂದ. "ಎಲ್ಲಾ ನೋಡಿದ್ರಂತೆ. ನಿಂಗೆ ಗೊತ್ತಾಗ್ಬಾರ್ದು ಅಂತ ಸುಮ್ನಿದ್ರಂತೆ."

"ನಂಗೆ ಗೊತ್ತಿತ್ತು. ಗಾಡಿಯಿಂದ ಇಳಿದ ತಕ್ಷಣ ಕಾಣಿಸಿದ್ರು."

"ಹೇಳ್ಬಾರ್ದಿತ್ತಾ?"

"ಏನಂತ ಹೇಳ್ಲಿ? ಆಗ್ಲೇ ನೋಡ್ತಾ ಇದ್ರಲ್ಲ." ಅವಳು ಚೀಲವನ್ನು ಸ್ವಲ್ಪ ಕೆಳಕ್ಕೆ ಸರಿಸಿಕೊಂಡಳು. "ಕುಂಟೋ ಹೆಂಡ್ತೀನ ಹುಲ್ಲುಗಾವಲಲ್ಲಿ ನಡೆಸ್ಕೊಂಡು ಬಂದ ಅಂತ ನಿನ್ನ ಅನ್ನಬಾರ್ದಲ್ಲ. ಅದಕ್ಕೇ ಕುಂಟದೆ ನಡೆದೆ."

ತಾನು ಆಗ ಹಾಡು ಗುನುಗಿದ್ದು ಆರ್ಲಿನ್‌ಗೆ ನೆನಪಾಯಿತು. ಕೆನ್ನೆಗೆ ಹೊಡೆದಿದ್ದರೂ ಅಷ್ಟು ಉರಿಯುತ್ತಿರಲಿಲ್ಲ. ಟೋಪಿಯ ಅಂಚನ್ನು ಸುತ್ತಲೂ ಬೆರಳಿನಿಂದ ಸವರಿದ.

"ಗಾಡಿ ವಾಪಸ್ ಕೊಡಲ್ಲ. ನಿನ್ನ ಹೆಸ್ರಿಗೆ ಬರೆಸಿದ್ದೀನಿ. ಬಾ, ಸೊಸೈಟಿಗೆ ಹೋಗಿ ಎಲ್ಲರ ಜೊತೆ ಕಾಫಿ ಕುಡಿದು ಬರೋಣ. ಬಾಗಿಲ ಮುಂದೇನೇ ನಿಲ್ಲಿಸ್ತೀನಿ. ನೀನೇ ಓಡಿಸು ಬೇಕಾದ್ರೆ."

ಲವಾನ್ ಕತ್ತು ಚಾಚಿ ಕಿಟಕಿಯಿಂದ ಹೊರಗೆ ನೋಡಿದಳು. ಮೆಟ್ಟಿಲಿನಿಂದ ಗಾಡಿಯ ಬಾಗಿಲಿಗೆ ಎರಡೇ ಹೆಜ್ಜೆ ಇತ್ತು. ಅವಳು ಅದನ್ನು ನೋಡುತ್ತಲೇ ಇದ್ದಳು.

"ಇವತ್ತಾಗಲ್ಲ ಆರ್ಲಿನ್," ಎಂದಳು. "ಇವತ್ತು ಎದ್ದು ನಿಲ್ಲೋಕೇ ಆಗ್ತಿಲ್ಲ."